ಅರ್ಧ ಕೋರ್ಟಿನ ಹುಡುಗಿಯರು

ಹೋದ ತಿಂಗಳು ಒಂದು ಬಾಸ್ಕೆಟ್‌ಬಾಲ್ ಬಂದು ನನ್ನ ಕಾರಿನ ಎಡಗಡೆಯ ಕನ್ನಡಿಯನ್ನು ಒಡೆದು ಹಾಕಿತು. ಹೊಸ ಕಾರು. ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿರಲಿಲ್ಲ (ತೆಗೆಯುವ ಅಂದಾಜೂ ಇರಲಿಲ್ಲ).

ನನಗೆ ಸಿಟ್ಟು ಬರುವುದು ಕಡಿಮೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ನಂಬಬೇಡಿ. ಪಾಠದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ, ಆಡುತ್ತಿದ್ದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಬೈದೆ. "ಕಣ್ಣು ಎಲ್ಲಿಟ್ಟು ಆಡ್ತೀರಿ? ಅಷ್ಟು ದೊಡ್ಡ ಕಾರು ಕಾಣುದಿಲ್ವಾ?"

ಟೀಮಿನ ಕ್ಯಾಪ್ಟನ್ ಸಫಾ. ತೊಕ್ಕೊಟ್ಟಿನ ಹುಡುಗಿ, ಫೈನಲ್ ಇಯರ್ ಬಿ.ಕಾಂ. ನನ್ನ ಎಕನಾಮಿಕ್ಸ್ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಇವತ್ತಿನವರೆಗೆ ಒಂದೇ ಒಂದು ಪ್ರಶ್ನೆ ಕೇಳದವಳು. ಅವಳು ಸ್ಕಾರ್ಫ್ ಸರಿಮಾಡಿಕೊಂಡು ಮೆಲ್ಲನೆ ಹೇಳಿದಳು: "ಸಾರಿ ಮ್ಯಾಮ್. ಆದ್ರೆ ನಾವು ಕೋರ್ಟಲ್ಲೇ ಆಡಿದ್ದು. ನಿಮ್ಮ ಕಾರು ಕೂಡ ಕೋರ್ಟಲ್ಲೇ ಉಂಟಲ್ಲ."

ತಿರುಗಿ ನೋಡಿದೆ. ಕಾರಿನ ಚಕ್ರದ ಅಡಿಯಿಂದ ಮಾಸಿದ ಬಿಳಿ ಗೆರೆಯೊಂದು ಹೊರಗೆ ಬಂದಿತ್ತು. ಹಿಂದೆ ಕಂಬದ ಮೇಲೆ ತುಕ್ಕು ಹಿಡಿದ ರಿಂಗ್. ಇಷ್ಟು ದಿನ ಅದನ್ನು ನಾನು ಕತ್ತೆತ್ತಿ ನೋಡಿಯೇ ಇರಲಿಲ್ಲ.

ವಿಷಯ ಹೀಗೆ. ನಮ್ಮ ಕಾಲೇಜಿನ ಕೋರ್ಟಿನ ಅರ್ಧ ಭಾಗ ಹುಡುಗಿಯರದ್ದು, ಇನ್ನರ್ಧ ಸ್ಟಾಫಿನ ಕಾರುಗಳದ್ದು. ಯಾರೂ ಆರ್ಡರ್ ಮಾಡಿದ್ದಲ್ಲ. ಆ ಕಡೆ ಬಾದಾಮಿ ಮರದ ನೆರಳಿದೆ, ಅಷ್ಟೇ ಕಾರಣ. ಮಂಗಳೂರಿನ ಸೆಕೆ ತಿಂದವರು ನಮ್ಮನ್ನು ಕ್ಷಮಿಸಿಯಾರು. (ನನ್ನ ಮನೆ ಅತ್ತಾವರದಲ್ಲಿ. ನಡೆದರೆ ಕಾಲೇಜಿಗೆ ಹತ್ತು ನಿಮಿಷ. ಇದು ನಮ್ಮೊಳಗೇ ಇರಲಿ.) ಸಂಜೆ ನಾವು ಕಾರು ತೆಗೆಯುವ ಹೊತ್ತಿಗೆ ಹುಡುಗಿಯರಿಗೂ ಬಸ್ಸಿನ ಹೊತ್ತಾಗಿರುತ್ತದೆ. ಹಾಗಾಗಿ ಇಡೀ ಕೋರ್ಟನ್ನು ಅವರು ಕಂಡದ್ದೇ ಇಲ್ಲ.

ಬೈದದ್ದು ಹೆಚ್ಚಾಯಿತು ಎನ್ನಿಸಿ ಆ ಶನಿವಾರ ಬೇರೆ ಕಾಲೇಜಿನಲ್ಲಿದ್ದ ಅವರ ಮ್ಯಾಚ್ ನೋಡಲು ಹೋದೆ.

ನಮ್ಮ ಟೀಮ್ ಸೋಲುತ್ತದೆ ಎಂದು ಕಾಲೇಜಿಗೆಲ್ಲ ಗೊತ್ತು. ಹೇಗೆ ಸೋಲುತ್ತದೆ ಎಂದು ನೋಡಿದವರಿಲ್ಲ. ಚೆಂಡು ಹಾಕುವುದರಲ್ಲಿ ಇವರಿಗೆ ಯಾರೂ ಸಾಟಿಯಿಲ್ಲ. ಸಫಾ ಎಸೆದರೆ ರಿಂಗಿಗೂ ತಾಗದೆ ಒಳಗೆ ಇಳಿಯುತ್ತದೆ. ಆಮೇಲೆ? ಐದೂ ಜನ ಅಲ್ಲೇ ನಿಂತು ಕೈ ಕೈ ತಟ್ಟುತ್ತಾರೆ. ಅಷ್ಟರಲ್ಲಿ ಎದುರಿನವರು ಚೆಂಡು ಎತ್ತಿಕೊಂಡು ಇನ್ನೊಂದು ತುದಿಗೆ ಓಡಿ, ಕಾಯುವವರೇ ಇಲ್ಲದ ರಿಂಗಿಗೆ ಆರಾಮಾಗಿ ಹಾಕಿಬಿಡುತ್ತಾರೆ.

ಅರ್ಧ ಕೋರ್ಟಿನಲ್ಲಿ ಕಲಿತವರಿಗೆ ಬಾಸ್ಕೆಟ್ ಆದರೆ ಆಟ ಅಲ್ಲಿಗೆ ನಿಂತಂತೆ. ಮತ್ತೆ ಅದೇ ರಿಂಗಿನ ಎದುರು ಹೊಸದಾಗಿ ಶುರು. ತಿರುಗಿ ಓಡಬೇಕು ಎಂದು ಅವರ ಕಾಲಿಗೆ ಗೊತ್ತೇ ಇಲ್ಲ. ಓಡಬೇಕಾದಲ್ಲಿ ನನ್ನ ಕಾರು ನಿಂತಿತ್ತು.

ಮ್ಯಾಚ್ ಮುಗಿದ ಮೇಲೆ ದೈಹಿಕ ಶಿಕ್ಷಣದ ಜಯಂತ ಸರ್ ಎಂದಿನ ಮದ್ದು ಬರೆದುಕೊಟ್ಟರು. "ಶೂಟಿಂಗ್ ಸಾಲದು. ಸೋಮವಾರದಿಂದ ಇನ್ನೂ ಐವತ್ತು ಶಾಟ್ ಜಾಸ್ತಿ." (ನಾವೂ ಹೀಗೆಯೇ ಅಲ್ಲವೇ? ಮಗನಿಗೆ ಮಾರ್ಕು ಕಡಿಮೆ ಬಂದರೆ ಎಲ್ಲಿ ತಪ್ಪುತ್ತಾನೆ ಎಂದು ನೋಡುವುದಿಲ್ಲ. ಇನ್ನೊಂದು ಟ್ಯೂಷನ್‌ಗೆ ಹಾಕುತ್ತೇವೆ.)

ಸಫಾ ನೀರಿನ ಬಾಟಲಿ ಕೆಳಗಿಟ್ಟಳು. "ಶೂಟಿಂಗ್ ಸಾಕು ಸರ್. ನಮಗೆ ಹಾಕ್ಲಿಕ್ಕೆ ಬರ್ತದೆ. ವಾಪಸ್ ಓಡ್ಲಿಕ್ಕೆ ಬರುದಿಲ್ಲ."

"ಓಡ್ಲಿಕ್ಕೆ ಜಾಗ ಎಲ್ಲುಂಟು ಮಾರಾಯ್ತಿ?"

"ಕಾರಿನ ಎಡೆಯಲ್ಲಿ ಉಂಟು ಸರ್."

ಇನ್ನೊಂದು ಟೂರ್ನಮೆಂಟ್ ಬಾಕಿಯಿತ್ತು. ಅದರಲ್ಲೂ ಮೊದಲ ಸುತ್ತಿಗೇ ಸೋತು ಬಂದರೆ ಮುಂದಿನ ವರ್ಷದಿಂದ ಟೀಮೇ ಇಲ್ಲ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು. ಟೀಮ್ ಇಲ್ಲದ ಮೇಲೆ ಕೋರ್ಟ್ ಯಾಕೆ? ಎರಡೂ ಅರ್ಧಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿ ಪಾರ್ಕಿಂಗ್ ಮಾಡುವುದು. ನೀನು ಹೇಗೂ ಈ ವರ್ಷ ಮುಗಿಸಿ ಹೋಗುವವಳು, ನಿನಗ್ಯಾಕೆ ಇಷ್ಟು ಹಠ ಎಂದು ಸಫಾಳನ್ನು ಕೇಳಿದೆ.

"ನಾನು ಹೋಗ್ತೇನೆ ಮ್ಯಾಮ್. ಜೂನಿಯರ್ಸ್ ಎಲ್ಲಿ ಆಡುದು?"

ಸೋಮವಾರ ಶುರುವಾಯಿತು. ಚೆಂಡು ರಿಂಗಿನೊಳಗೆ ಬಿದ್ದ ಕೂಡಲೇ ಸಫಾ "ಪಿರ!" ಎಂದು ಕೂಗುತ್ತಾಳೆ. ಪಿರ ಎಂದರೆ ತುಳುವಿನಲ್ಲಿ ಹಿಂದೆ. ಐದೂ ಜನ ಕಾರುಗಳ ಎಡೆಯಲ್ಲಿ ನುಗ್ಗಿ, ಆಚೆಯ ಕಂಬ ಮುಟ್ಟಿ ಬರಬೇಕು. ಮೊಣಕೈ ತರಚಿತು. ಕಾಟಿಪಳ್ಳದಿಂದ ಬರುವ ಹುಡುಗಿಯೊಬ್ಬಳ ಮಂಡಿ ಬಂಪರಿಗೆ ಬಡಿದು ಊದಿತು. ಮರುದಿನ ಅವಳು ಮಂಡಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಜಯಂತ ಸರ್ ಶಾಟ್ ಎಣಿಸುವುದನ್ನು ಬಿಟ್ಟು ವಿಸಿಲ್ ಹಿಡಿದು ಕಂಬದ ಹತ್ತಿರ ನಿಂತರು.

ಸ್ಟಾಫ್ ರೂಮಿನಲ್ಲಿ ಗಲಾಟೆ. "ನನ್ನ ಕಾರಿನ ಅಲಾರಾಂ ಬೊಬ್ಬೆ ಹೊಡೀತಾ ಉಂಟು. ಇವರಿಗೆ ಎಂತ ಮರ್ಲಾ, ತಲೆ ಕೆಟ್ಟಿದಾ?" ಎಂದರು ಸಂಸ್ಕೃತದ ಭಟ್ಟರು.

"ಕಾರು ತೆಗೆದ್ರೆ ಅಲಾರಾಂ ಹೊಡಿಯುದಿಲ್ಲ ಅಲ್ವಾ ಸರ್?" ಎಂದೆ.

"ತೆಗೆದು ಎಲ್ಲಿ ಇಡುದು ಮೇಡಂ? ಬಿಸಿಲಿಗಾ?"

ಉಳಿದವರೆಲ್ಲ ಚಹಾದ ಲೋಟದೊಳಗೆ ಮುಖ ಇಟ್ಟರು. ಮರುದಿನ ನಾನು ಕಾಲೇಜಿಗೆ ನಡೆದುಕೊಂಡು ಹೋದೆ. (ಹತ್ತು ನಿಮಿಷ ಎಂದು ಹೇಳಿದ್ದೆನಲ್ಲ? ಹದಿನೈದು. ಸೀರೆ ಬೆನ್ನಿಗೆ ಅಂಟಿತ್ತು.) ನನ್ನ ಕಾರಿದ್ದಲ್ಲಿ ಹುಡುಗಿಯರಿಗೆ ಒಂದು ಓಣಿ ಸಿಕ್ಕಿತು. ಅವರು ಅದನ್ನು ಹೆದ್ದಾರಿಯಂತೆ ಬಳಸಿದರು.

ಮೊನ್ನೆಯ ಶನಿವಾರ ಟೂರ್ನಮೆಂಟ್. ಕೊನೆಯ ಗಳಿಗೆ, ನಾವು ಒಂದು ಪಾಯಿಂಟ್ ಹಿಂದೆ. ಸಫಾಳ ಕೈಗೆ ಚೆಂಡು ಬಂತು. ಎಸೆದಳು. ಅದು ಒಳಗೆ ಬಿತ್ತೋ ಇಲ್ಲವೋ ಎಂದು ಅವಳು ನೋಡಲಿಲ್ಲ. ಚೆಂಡು ಗಾಳಿಯಲ್ಲಿರುವಾಗಲೇ "ಪಿರ!" ಎಂದು ಕೂಗಿ ತಿರುಗಿ ಓಡಿದಳು. ಹಿಂದೆಯೇ ಉಳಿದ ನಾಲ್ವರು. ಚೆಂಡು ಒಳಗೆ ಬಿದ್ದದ್ದನ್ನು ಕಂಡವರು ನಾವು. ಎದುರಿನವರು ಓಡಿ ಬರುವಾಗ ಐದೂ ಜನ ನಮ್ಮ ರಿಂಗಿನ ಕೆಳಗೆ ಕೈ ಚಾಚಿ ನಿಂತಿದ್ದರು. ಒಂದೇ ಪಾಯಿಂಟಿನಲ್ಲಿ ಗೆದ್ದೆವು. (ಗೆದ್ದೆವು! ನೋಡಿ, ನಾನೂ ಟೀಮಿಗೆ ಸೇರಿಬಿಟ್ಟೆ.) ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ.

ಎರಡನೆಯ ಸುತ್ತಿನಲ್ಲಿ ಸೋತರು. ಆದರೆ ನಿಂತು ಸೋಲಲಿಲ್ಲ, ಕೊನೆಯವರೆಗೆ ಓಡಿ ಸೋತರು. ಟೀಮ್ ಇರಲಿ ಎಂದು ಪ್ರಿನ್ಸಿಪಾಲರು ಒಪ್ಪಿದರು. ಅರ್ಧ ಕೋರ್ಟ್ ಉಳಿಯಿತು.

ಇನ್ನರ್ಧ? ಸೋಮವಾರ ಹೋಗಿ ನೋಡಿದರೆ ಕಾರುಗಳೆಲ್ಲ ನೆರಳಿನಲ್ಲಿ ಹಾಗೆಯೇ ಇವೆ. ನಾನು ಬಿಟ್ಟುಕೊಟ್ಟ ಜಾಗಕ್ಕೆ ಭಟ್ಟರು ತಮ್ಮ ಕಾರು ತಂದು ನಿಲ್ಲಿಸಿದ್ದಾರೆ (ಅಲ್ಲಿ ನೆರಳು ಸ್ವಲ್ಪ ಹೆಚ್ಚು). ಸಫಾ ನಕ್ಕು, ಜೂನಿಯರ್‌ಗಳನ್ನು ಕರೆದುಕೊಂಡು ಇನ್ನೊಂದು ಎಡೆ ಹುಡುಕಿದಳು.

ಅವಳು ಬಿಟ್ಟರೂ ನಾನು ಬಿಡುವವಳಲ್ಲ. ಬುಧವಾರ ಸ್ಟಾಫ್ ಮೀಟಿಂಗ್ ಇದೆ. ಎದ್ದು ನಿಂತು ಕೇಳುವುದು ಒಂದೇ ಮಾತು: ಜಾಗವೇ ಇಲ್ಲದ ಹುಡುಗಿಯರು ಹಿಂದೆ ಹೋಗುವುದನ್ನು ಕಲಿತರು, ನಮ್ಮ ಕಾರುಗಳಿಗೆ ಕಂಪನಿಯವರೇ ರಿವರ್ಸ್ ಗೇರ್ ಹಾಕಿ ಕೊಟ್ಟಿದ್ದಾರಲ್ಲ, ನಮಗೇನು ಧಾಡಿ?