ಬಾಲ್ಬಿನಾಳ ಮೂರು ಹೆಜ್ಜೆ

"ನಾನು ಕುಯ್ಯಲಿಲ್ಲ" ಎಂದು ಬಾಲ್ಬಿನಾ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆ ಸಿಟ್ಟು ಸೆವೆರೋ ಪಿಸಾರೋಗೆ ಇವತ್ತಿಗೂ ಆರಿಲ್ಲ.

ದ್ವೀಪದ ಕಡಲತೀರದ ಊರು ಲೊಯೀಸಾದಲ್ಲಿ ಸೆವೆರೋ ವಾರವೆಲ್ಲ ತೆಂಗಿನಕಾಯಿ ಸುಲಿಯುತ್ತಿದ್ದ, ಭಾನುವಾರ ಬೊಂಬಾ ಬಾರಿಸುತ್ತಿದ್ದ. ರಮ್ಮಿನ ಪೀಪಾಯಿಗೆ ಆಡಿನ ಚರ್ಮ ಬಿಗಿದ ಡೋಲು. ಬೇರೆ ಕುಣಿತಗಳಲ್ಲಿ ಕಾಲು ಡೋಲಿನ ಹಿಂದೆ ಹೋಗುತ್ತದೆ. ಬೊಂಬಾ ಕುಣಿತದಲ್ಲಿ ಡೋಲೇ ಕಾಲಿನ ಹಿಂದೆ ಹೋಗಬೇಕು. ಕುಣಿಯುವವಳು ಲಂಗ ಒದರಿದರೆ ಒಂದು ಪೆಟ್ಟು, ಹಿಮ್ಮಡಿ ಊರಿದರೆ ಒಂದು ಪೆಟ್ಟು. ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿಯ ಮುಂದೆ ಬಾಯಿ ಬಿಡಲಾಗದ, ಗುಲಾಮಗಿರಿಯ ಕಾಲದ ಅಜ್ಜಿಯರು ಮಾಡಿಟ್ಟ ಕಟ್ಟಳೆ ಅದು.

"ವಾರಕ್ಕೊಂದು ದಿನನಾದ್ರೂ ಕರಿ ಹೆಂಗಸಿನ ಮಾತು ನಡೀಬೇಕು ಕಣೋ," ಎನ್ನುತ್ತಿದ್ದಳು ಏಡಿ ವಡೆ ಮಾರುವ ಬಾಲ್ಬಿನಾ. ಅವಳ ಕಾಲಿಗೆ ಉತ್ತರ ಕೊಡದ ಡೋಲು ಊರಲ್ಲಿರಲಿಲ್ಲ.

ಒಂದು ವರ್ಷ ರಾಜಧಾನಿ ಸಾನ್ ಹ್ವಾನಿನ ದೊಡ್ಡ ಹೋಟೆಲೊಂದರಿಂದ ಸೆವೆರೋನ ತಂಡಕ್ಕೆ ಕರೆ ಬಂತು. ಮ್ಯಾನೇಜರ್ ಎಲ್ಲ ಹೇಳಿ ಮುಗಿಸಿ, "ಅಡುಗೆಮನೆ ಬಾಗಿಲಿಂದ ಬಂದ್ಬಿಡಿ" ಎಂದ. ಸೆವೆರೋ ಹೂಂ ಅಂದ. ಬಾಲ್ಬಿನಾ ಬಾಣಲೆಯಿಂದ ತಲೆ ಎತ್ತದೆ ಕೇಳಿದಳು:

"ಮೀನಿನ ಬುಟ್ಟಿ ಹೋಗೋ ಬಾಗಿಲಲ್ಲಿ ಡೋಲು ಹೊತ್ಕೊಂಡು ಹೋಗ್ತೀಯಾ?"

"ಬಾಗಿಲು ಯಾವ್ದಾದ್ರೇನಕ್ಕಾ, ಒಳಗೆ ಹೋದ್ಮೇಲೆ ನಮ್ಮದೇ ಸದ್ದು."

"ಹಂಗೆ ಹೋಗೋದಕ್ಕಿಂತ ಅದು ಹರಿದೇ ಹೋಗ್ಲಿ."

ಮರುದಿನ ಸಂಜೆ ನೋಡಿದರೆ, ಅಂಗಳದ ಬಿಸಿಲಿಗಿಟ್ಟಿದ್ದ ಡೋಲಿನ ಚರ್ಮ ಗೆರೆ ಎಳೆದಂತೆ ಸೀಳಿತ್ತು. ಹೋಟೆಲಿನವರು ಬೇರೆ ತಂಡ ಕರೆಸಿಕೊಂಡರು. ಸೆವೆರೋ ಸೀಳಿಗೆ ಮೂಗಿಟ್ಟ. ಏಡಿ ವಾಸನೆ ಬಂದಂತೆಯೇ ಆಯಿತು. ಏಡಿ ವಾಸನೆ ಬಾರದ ವಸ್ತು ಆ ಊರಲ್ಲಿ ಯಾವುದಿತ್ತೋ, ಅದನ್ನು ಅವನು ಯೋಚಿಸಲಿಲ್ಲ.

"ನಿನ್ ಚೂರಿ ಎಲ್ಲಿ ಅಕ್ಕಾ?"

"ಏಡಿ ಹೊಟ್ಟೇಲಿದೆ. ತೊಳ್ಕೊಡ್ಲಾ?"

ಅವಳು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಹೊಸ ಚರ್ಮ ಬಿಗಿದ ಡೋಲನ್ನು ಅವನು ಮಂಚದ ಕಾಲಿಗೆ ಕಟ್ಟಿ ಮಲಗತೊಡಗಿದ.

ಜುಲೈನಲ್ಲಿ ಊರ ಸಂತ ಸಾಂತಿಯಾಗೋನ ಹಬ್ಬ ಬಂತು. ಬಾಲ್ಬಿನಾ ಪದ್ಧತಿಯಂತೆ ಡೋಲಿಗೆ ತಲೆಬಾಗಿ, ಹಿಮ್ಮಡಿ ಊರಿ ಮೂರು ಹೆಜ್ಜೆ ಹಾಕಿದಳು. ಸೆವೆರೋ ಎರಡೂ ಕೈ ಚರ್ಮದ ಮೇಲೆ ಒತ್ತಿ ಸುಮ್ಮನೆ ಕೂತ.

"ಕೈಗೇನಾಗಿದೆಯೋ?"

"ಕೈ ನೆಟ್ಟಗಿದೆ. ಕಾಲಿನ ಮೇಲೇ ನಂಬಿಕೆ ಇಲ್ಲ."

ಅವಳು ಲಂಗ ಸರಿಮಾಡಿಕೊಂಡಳು. "ಮೂರು ಪೆಟ್ಟೂ ನಿನ್ ಹತ್ರ ಉಳೀತು," ಎಂದು ಹೊರಟುಹೋದಳು. ಮತ್ತೆ ಊರಲ್ಲಿ ಕುಣಿಯಲಿಲ್ಲ. ಮಾರನೆಯ ವರ್ಷ ನ್ಯೂಯಾರ್ಕಿನ ಮಗಳ ಮನೆ ಸೇರಿದಳು.

ಎರಡು ವರ್ಷದ ಮೇಲೆ ಆಡು ಸಾಕುವ ಚೆಲೋ ಕೊಟ್ಟ ಹೊಸ ಚರ್ಮವನ್ನು ಸೆವೆರೋ ಬೆಳಕಿಗೆ ಹಿಡಿದ. ನಡುವೆ ಬಿಳಿ ಗೆರೆ.

"ಇದೇನೋ?"

"ಮುಳ್ಳುತಂತಿ ಗೀರಿದ್ದು ಕಣಣ್ಣಾ. ನಿನ್ ಹಳೇ ಡೋಲಲ್ಲೂ ಇತ್ತಲ್ಲ. ಬಿಸಿಲು ಜಾಸ್ತಿಯಾದ್ರೆ ಅಲ್ಲೇ ಸೀಳೋದು."

"ಆವತ್ತೇ ಯಾಕೆ ಬೊಗಳ್ಲಿಲ್ಲ?"

"ನೀನು ಕೇಳಿದ್ದು ಚೂರಿ ವಿಷಯ ತಾನೆ?"

ಇವನಿಗೂ ಅವಳೇ ಹೇಳಿಕೊಟ್ಟಿರಬಹುದೇ ಎಂದು ಸೆವೆರೋ ಮೊದಲು ಚೆಲೋನನ್ನೇ ಶಂಕಿಸಿದ. ಆಮೇಲೆ ಅಟ್ಟದಿಂದ ಹಳೆಯ ಚರ್ಮ ಇಳಿಸಿದ. ಸೀಳಿನ ಎರಡೂ ತುದಿಯಲ್ಲಿ ಅದೇ ಬಿಳಿ ಗೆರೆ ಮುಂದುವರಿದಿತ್ತು.

ನ್ಯೂಯಾರ್ಕಿಗೆ ಹೊರಟಿದ್ದ ಒಬ್ಬನ ಕೈಲಿ, ಹಬ್ಬಕ್ಕೆ ಬಾ ಎಂದು ಹೇಳಿಕಳಿಸಿದ. "ಡೋಲೇ ಇಲ್ಲಿಗೆ ಬರ್ಲಿ. ಮುಂಬಾಗಿಲಿಂದ," ಎಂದು ಉತ್ತರ ಬಂತು. ಅವನು ಹೊರಡುವ ಮೊದಲೇ, ಆ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಸಮಾಧಾನಕ್ಕಾದರೂ ಮೂರು ಪೆಟ್ಟು ಹೊಡೆದುಬಿಡು ಎಂದು ಹೆಂಡತಿ ಹೇಳುತ್ತಾಳೆ. ಸೆವೆರೋ ಕೇಳುವುದಿಲ್ಲ. ಹೆಜ್ಜೆಯಿಲ್ಲದ ಪೆಟ್ಟು ಉತ್ತರವಲ್ಲ, ಬರೀ ಸದ್ದು. ಆ ಮೂರೂ ಅವನ ಕೈಯಲ್ಲೇ ಉಳಿದಿವೆ.