ಏಳು ಮನೆಯ ಹೊಗೆ

ಅತ್ತಿಗುಳಿಕೊಪ್ಪದಲ್ಲಿ ಏಳು ಮನೆ. ಯಾರನ್ನು ಕೇಳಿದರೂ ಹಾಗೇ ಹೇಳುತ್ತಿದ್ದರು. ಹಳ್ಳದ ಆಚೆ ಊರ ಕುಳವಾಡಿ ಬೈರನ ಗುಡಿಸಲಿತ್ತು, ಅದನ್ನು ಸೇರಿಸಿದರೆ ಎಂಟಾಗಬೇಕು. ಸೇರಿಸುವ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ. ಮೂವತ್ತೊಂದರ ಜನಗಣತಿಗೆ ಬಂದ ಗುಮಾಸ್ತ ಮನೆ ಎಷ್ಟು ಎಂದಾಗ ಪಟೇಲ ವೀರಪ್ಪ ಕಟ್ಟೆಯ ಮೇಲೆ ಕೂತಲ್ಲಿಂದಲೇ ಏಳು ಎಂದ. ಗುಮಾಸ್ತ ಹಳ್ಳದ ಕಡೆ ಕೈ ತೋರಿಸಿ ಅದು ಯಾರದು ಎಂದು ಕೇಳಿದ. ಅದು ಬೈರಂದು, ಲೆಕ್ಕಕ್ಕಿಲ್ಲ ಎಂದು ವೀರಪ್ಪ ನಕ್ಕ. ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದ ಬೈರನೂ ನಕ್ಕ.

ಇದನ್ನೆಲ್ಲ ನನಗೆ ಹೇಳಿದವರು ಶಿರಸಿಯ ಗಾಡಿ ರಸೂಲ್ ಸಾಹೇಬರು. ಬನವಾಸಿ ಕಡೆಯ ಅಕ್ಕಿಯನ್ನು ಗಾಡಿಯಲ್ಲಿ ಶಿರಸಿಗೂ ಯಲ್ಲಾಪುರಕ್ಕೂ ಸಾಗಿಸುತ್ತಿದ್ದವರು. ಅವರು ತಣ್ಣಗೆ ಹೇಳಿದ್ದನ್ನು ತಣ್ಣಗೆ ಹೇಳುವುದು ನನ್ನಿಂದಾಗದು. ಬೈರ ಅಂದು ನಕ್ಕದ್ದು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಕುಳವಾಡಿ ಎಂದರೆ ಊರಿನ ಎಲ್ಲ ಓಡಾಟದ ಆಳು. ಹಲಿಗೆ ಬಾರಿಸಿ ಸಾರಬೇಕು, ಗಡಿಕಲ್ಲು ಕಾಯಬೇಕು, ಕುಣಿ ತೋಡಬೇಕು, ಸತ್ತವರ ಸುದ್ದಿಯನ್ನು ನೆಂಟರ ಊರಿಗೆ ಮುಟ್ಟಿಸಬೇಕು. ಆ ಸುದ್ದಿ ಹೇಳಲಿಕ್ಕೂ ಒಂದು ಪದ್ಧತಿ. ಅಂಗಳದಲ್ಲಿ ದೂರ ನಿಂತು ಕೋಲನ್ನು ನೆಲಕ್ಕೆ ಇಟ್ಟುಬಿಡುವುದು. ನೋಡಿದವರಿಗೆ ಮಾತು ಬೇಕಾಗುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದವನಿಗೆ ಒಂದು ಮನೆಯ ಹೊಸ್ತಿಲನ್ನೂ ದಾಟುವಂತಿರಲಿಲ್ಲ, ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಹಳ್ಳದ ಮರಳಲ್ಲಿ ಒರತೆ ತೋಡಿಕೊಂಡು ಅದರ ನೀರು ಕುಡಿಯುತ್ತಿದ್ದ. ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ.

ಮೂವತ್ನಾಲ್ಕರಲ್ಲಿ ಮೊದಲ ಮಳೆ ಬಿದ್ದು ಹೊಲಸೆಲ್ಲ ಬಾವಿಗೆ ಇಳಿದ ವಾರ ವಾಂತಿಭೇದಿ ಬಂತು. ಬೆಳಿಗ್ಗೆ ನೇಗಿಲು ಹೊತ್ತು ಹೋದವನು ಸಂಜೆಗೆ ಚಾಪೆಯ ಮೇಲೆ. ದೇವಿ ಮುನಿದಳೆಂದು ಪೂಜೆ ಮಾಡಿಸಿದರು, ಪೂಜೆಗೂ ಅದೇ ಬಾವಿಯ ನೀರು. ಎರಡು ಮನೆಯವರು ಗಾಡಿ ಕಟ್ಟಿಕೊಂಡು ಓಡಿಹೋದರು. ರೋಗವೂ ಗಾಡಿ ಹತ್ತಿಕೊಂಡೇ ಹೋಯಿತು, ಅವರಲ್ಲಿ ಒಬ್ಬರೂ ಉಳಿಯಲಿಲ್ಲವೆಂದು ಆಮೇಲೆ ತಿಳಿಯಿತು. ಉಳಿದವರಿಗೆಲ್ಲ ಬೈರನೇ ಕುಣಿ ತೋಡಿದ. ಮಣ್ಣು ಮಾಡಲು ಜಂಗಮರು ಬರಲಿಲ್ಲ, ಹೊರಲು ನೆಂಟರು ಬರಲಿಲ್ಲ. ಜೀವವಿದ್ದಾಗ ನೆರಳು ಸೋಕಬಾರದು ಎಂದವರನ್ನು ಅವನು ಹೆಗಲ ಮೇಲೆ ಹೊತ್ತು, ತಾನು ದೂರದಿಂದ ನೋಡಿದ್ದ ರೀತಿಯಲ್ಲೇ ಕೂರಿಸಿ, ವಿಭೂತಿ ಇಟ್ಟು ಮಣ್ಣು ಎಳೆದ. ಕೊನೆಗೆ ಹೋದವರು ವೀರಪ್ಪ ಮತ್ತು ಅವನ ಹೆಂಡತಿ ಗುರುಶಾಂತವ್ವ. ಬಾವಿ ಮುಟ್ಟಬೇಡ ಎಂದು ದೂರ ಇಟ್ಟದ್ದಕ್ಕೇ ಬೈರ ಬದುಕಿದ. ಅವನಿಗೆ ಇದು ಗೊತ್ತಾಗಲಿಲ್ಲ. ತನ್ನನ್ನು ಮಾತ್ರ ಯಾಕೆ ಬಿಟ್ಟಳು ಎಂದು ದೇವಿಯನ್ನೇ ಕೇಳುತ್ತ ತಿರುಗಿದ.

ಮಳೆಗಾಲದ ನಡುವೆ ಶಾನುಭೋಗ ಬಂದ. ನಾಲ್ಕು ಹಳ್ಳಿ ನೋಡಿಕೊಳ್ಳುವ, ಬೇರೆ ಊರಲ್ಲಿ ಮನೆಯಿದ್ದ ಮನುಷ್ಯ. ಗಡಿಕಲ್ಲಿನ ಈಚೆಗೆ ಕಾಲಿಡದೆ, ಮೂಗಿಗೆ ಪಂಚೆಯ ಚುಂಗು ಹಿಡಿದು, ದೀಪ ಹಚ್ಚುವವರಿಲ್ಲದ ಊರನ್ನು ಸರಕಾರದವರು ಬೇಚರಾಕ್ ಎಂದು ಬರೆಯುತ್ತಾರೆ ಎಂದು ಕೂಗಿ ಹೇಳಿದ. ಮಾಘದಲ್ಲಿ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ತಾಲೂಕಿನ ಮಾಮಲೇದಾರರು ಬರುತ್ತಾರೆ, ಆಗ ಒಲೆ ಉರಿಯುತ್ತಿರದಿದ್ದರೆ ಊರಿನ ಹೆಸರು ಹೋಗಿ ನೆಲ ಜಂಗಲ್ ಖಾತೆಗೆ ಸೇರುತ್ತದೆ. ಇಷ್ಟು ಹೇಳಿ ಹೋದ.

ಹೋದರೆ ಹೋಗಲಿ ಎನ್ನಬೇಕಿತ್ತು ಬೈರ. ಆ ಊರು ಅವನಿಗೆ ಕೊಟ್ಟದ್ದಾದರೂ ಏನು? ಆದರೆ ಅವನಿಗೆ ದಿಗಿಲು ಹತ್ತಿತು. ಎಲ್ಲಿಗೆ ಹೋದರೂ ಅವನು ಅತ್ತಿಗುಳಿಕೊಪ್ಪದ ಬೈರ. ಊರೇ ಇಲ್ಲವೆಂದಾದರೆ, ಯಾವೂರಪ್ಪ ನಿನ್ನದು ಎಂದವರಿಗೆ ಏನು ಹೇಳುವುದು? ತಾನು ಮಣ್ಣು ಮಾಡಿದವರ ಮೇಲೆ ಕಾಡು ಬೆಳೆಯಲಿಕ್ಕೆ ಬಿಡುವುದು ಹೇಗೆ? ತನ್ನ ಗುಡಿಸಲಿನಲ್ಲಿ ದಿನವೂ ಒಲೆ ಉರಿಯುತ್ತಿತ್ತು. ಅದರಿಂದ ಊರು ಉಳಿದೀತು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಊರೆಂದರೆ ಏಳು ಮನೆ.

ಮರುದಿನ ಅವನು ಮೊದಲ ಬಾರಿಗೆ ಹೊಸ್ತಿಲು ದಾಟಿದ. ಅಡಿಗೆಮನೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಜೀವಮಾನವಿಡೀ ಚಾಕರಿ ಮಾಡಿದ ಮನೆಯಲ್ಲಿ ಒಲೆ ಯಾವ ಮೂಲೆಗಿದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಏಳು ಒಲೆ, ಸಂಜೆ ಏಳು ಒಲೆ. ಈ ಮನೆಯದು ಹತ್ತಿಕೊಂಡಿತು ಎನ್ನುವಷ್ಟರಲ್ಲಿ ಆ ಮನೆಯದು ಆರುತ್ತಿತ್ತು. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಗಾಗಿತ್ತು. ಒಂದು ಕಡೆ ಕೂರಲಾರ, ಉಂಡದ್ದು ನೆನಪಿಲ್ಲ. ಗಾಳಿಗೆ ಬಾಗಿಲು ಕಿರುಗುಟ್ಟಿದರೆ ಪಟೇಲರು ಕರೆದರೆಂದು "ಬಂದೇರಿ" ಎಂದು ಎದ್ದು ನಿಲ್ಲುತ್ತಿದ್ದ. ಒಮ್ಮೆ ಏನೂ ತೋಚದೆ ಹಲಿಗೆ ಕಟ್ಟಿಕೊಂಡು ಬೀದಿಯ ಉದ್ದಕ್ಕೂ ಬಾರಿಸಿ, ಸಾರಲು ಏನೂ ಇಲ್ಲವೆಂದು ನೆನಪಾಗಿ ನಡುಬೀದಿಯಲ್ಲಿ ನಿಂತುಬಿಟ್ಟ. ಯಲ್ಲಾಪುರಕ್ಕೆ ಹೋಗಿ ಪಟೇಲರ ಮಗಳಿಗೆ ಸುದ್ದಿ ಮುಟ್ಟಿಸಬೇಕೆಂಬುದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಆದರೆ ಹೋಗಿ ಬರುವಷ್ಟರಲ್ಲಿ ಒಲೆಗಳೆಲ್ಲ ತಣ್ಣಗಾಗುತ್ತಿದ್ದವು, ಅಷ್ಟರಲ್ಲೇ ಯಾರಾದರೂ ನೋಡಿ ಬರೆದುಕೊಂಡರೆ? ನಾಳೆ ಎನ್ನುತ್ತ ತಿಂಗಳುಗಳು ಹೋದವು.

ಆ ಮಗಳು ಪಾರ್ವತವ್ವ. ಯಲ್ಲಾಪುರ ಪೇಟೆಯ ಕಿರಾಣಿ ಅಂಗಡಿಯವರ ಸೊಸೆ. ತವರಿನ ಕಡೆ ರೋಗ ಬಂದಿದೆ, ಜನ ಸತ್ತಿದ್ದಾರೆ ಎಂಬ ಗಾಳಿಸುದ್ದಿ ಅವಳಿಗೂ ಮುಟ್ಟಿತ್ತು. ಅತ್ತ ಕಾಲಿಡಬಾರದೆಂದು ಗಂಡನ ಮನೆಯವರು ಕಟ್ಟಪ್ಪಣೆ ಮಾಡಿದ್ದರು. ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಹಬ್ಬದ ದಿನ ಉಂಡೆ ಕಟ್ಟುತ್ತ ಅತ್ತಳಂತೆ. ಆದರೂ ಕುಳವಾಡಿ ಬಂದು ಕೋಲು ಇಟ್ಟಿರಲಿಲ್ಲವಲ್ಲ, ಆ ಒಂದು ನೂಲು ಹಿಡಿದುಕೊಂಡಿದ್ದಳು. ದೀಪಾವಳಿಯ ಮುಂದೆ ರಸೂಲ್ ಸಾಹೇಬರು ಅಂಗಡಿಗೆ ಅಕ್ಕಿ ಇಳಿಸುವಾಗ, ಅತ್ತಿಗುಳಿಕೊಪ್ಪದ ಅಷ್ಟೂ ಮನೆಗಳಲ್ಲಿ ಹೊಗೆ ಏಳುವುದನ್ನು ದಿಣ್ಣೆಯ ಮೇಲಿಂದ ಕಣ್ಣಾರೆ ನೋಡಿದ್ದಾಗಿ ಹೇಳಿದರು. ಒಳ್ಳೆಯ ಸುದ್ದಿ ಹೇಳಿದೆ ಎಂದುಕೊಂಡಿದ್ದೆ ಎಂದು ನನ್ನ ಮುಂದೆ ಹಣೆ ಚಚ್ಚಿಕೊಂಡರು.

ಪಾರ್ವತವ್ವ ಯಾರ ಮಾತಿಗೂ ನಿಲ್ಲಲಿಲ್ಲ. ತಾಯಿಗೆಂದು ಒಂದು ಸೀರೆ ಕಟ್ಟಿಕೊಂಡು ಅದೇ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಬೈದಳು. ಬದುಕಿದ್ದೂ ಮಗಳನ್ನು ಮರೆತ ತವರನ್ನು ಹೇಗೆ ತರಾಟೆಗೆ ತೆಗೆದುಕೊಳ್ಳುತ್ತೇನೆ ನೋಡಿ ಎಂದು ಸಾಹೇಬರಿಗೇ ಗದರಿದಂತೆ ಹೇಳುತ್ತಿದ್ದಳಂತೆ. ದಿಣ್ಣೆ ಹತ್ತಿದಾಗ ಹೊಗೆ ಕಂಡಿತು. ಗಾಡಿ ನಿಲ್ಲುವ ಮುಂಚೆಯೇ ಜಿಗಿದು ಓಡಿದಳು.

"ಯವ್ವಾ, ಪಂಚಮಿಗೆ ಯಾಕ ಕರೀಲಿಲ್ಲ ನನ್ನ?"

ಅಡಿಗೆಮನೆಯಿಂದ ಬೈರ ಹೊರಗೆ ಬಂದ. ಕೈತುಂಬ ಬೂದಿ. ಅವನ ಬಾಯಿಂದ ಮೊದಲು ಹೊರಟ ಮಾತು "ತಪ್ಪಾತ್ರೀ ಅವ್ವಾರ, ಒಳಗ ಬಂದೆ" ಎಂಬುದು. ಊರಿಗೆ ಊರನ್ನೇ ಹೆಗಲ ಮೇಲೆ ಹೊತ್ತವನು ಹೊಸ್ತಿಲು ದಾಟಿದ್ದಕ್ಕೆ ಕ್ಷಮೆ ಕೇಳಿದ. ಅವಳು ಅವನನ್ನು ನೋಡಲೇ ಇಲ್ಲ, ಅವನ ಹಿಂದೆ ತಾಯಿ ಬರುತ್ತಾಳೆಂದು ಬಾಗಿಲನ್ನೇ ನೋಡುತ್ತಿದ್ದಳು. ಬೈರ ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು ಅಂಗಳಕ್ಕೆ ಇಳಿದ. ದೂರ ಹೋಗಿ ನಿಂತ. ಕೋಲನ್ನು ನೆಲಕ್ಕೆ ಇಟ್ಟ.

ಅವಳು ಕುಸಿದು ಕೂತು ಅತ್ತಳು. ಗಾಡಿಯ ಹತ್ತಿರ ನಿಂತಿದ್ದ ರಸೂಲ್ ಸಾಹೇಬರೂ ಅತ್ತರು. ಬೈರ ಮಾತ್ರ ನಿಂತಲ್ಲಿ ನಿಲ್ಲಲಾರದೆ, ಪಕ್ಕದ ಮನೆಯ ಒಲೆ ಆರುತ್ತದೆಂದು ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ ಹಾಕುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಈ ಆಟ ಯಾಕೆ ಕಟ್ಟಿದೆ ಎಂದು ಕೇಳಿದಳು. ಅವನು ಶಾನುಭೋಗ ಹೇಳಿದ್ದನ್ನೆಲ್ಲ ಹೇಳಿದ.

"ನಿನ್ನ ಗುಡಿಸಲದಾಗ ಒಲಿ ಹಚ್ಚೂದಿಲ್ಲೇನು?"

"ಹಚ್ಚತೀನ್ರಿ. ಅದು ಲೆಕ್ಕಕ್ಕಿಲ್ರಿ."

"ಯಾರಂದ್ರು?"

"ನಿಮ್ಮಪ್ಪಾರ್ರಿ."

ಅವನು ದೂರುವಂತೆ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ. ತಂದೆಯ ಮೇಲೆ ಸಿಟ್ಟು ಮಾಡಲು ತಂದೆ ಇರಲಿಲ್ಲ. ಪಾರ್ವತವ್ವ ಎದ್ದು ಒಳಗೆ ಹೋಗಿ ತಾಯಿಯ ಒಲೆಗೆ ತಾನೇ ನೀರು ಸುರಿದಳು. ಹೊರಗೆ ಬಂದು ಹೇಳಿದಳು.

"ಬೈರಾ, ಸತ್ತವರ ಮನಿ ಒಲಿ ಇನ್ನ ಹಚ್ಚಬ್ಯಾಡ. ಹೊಗಿ ಏಳತಿದ್ರ ನಾ ಹೆಂಗ ಅಳಬೇಕು? ಮಾಮಲೇದಾರರು ಬಂದಾಗ ಒಂದು ಮನಿ ಐತಿ ಅನ್ನು. ಯಾರದಂತ ಕೇಳಿದ್ರ ನಂದು ಅನ್ನು."

ಅವನು ತಲೆ ಅಲ್ಲಾಡಿಸಿದ. ಅದು ಹೂಂ ಎಂದೋ ಉಹೂಂ ಎಂದೋ ರಸೂಲ್ ಸಾಹೇಬರಿಗೆ ತಿಳಿಯಲಿಲ್ಲ. ಅವಳು ತಾಯಿಯ ಗೋರಿಯ ಮೇಲೆ ಆ ಸೀರೆ ಹೊದಿಸಿ ಯಲ್ಲಾಪುರಕ್ಕೆ ಹೊರಟಳು.

ಅಂದಿನಿಂದ ಮಾಘದವರೆಗೆ ಬೈರನಿಗೆ ಇದ್ದ ಅಷ್ಟಿಷ್ಟು ನೆಮ್ಮದಿಯೂ ಹೋಯಿತು. ಏಳು ಒಲೆಗಳ ಕೆಲಸವಾದರೂ ಕೈಗೆ ಬರುತ್ತಿತ್ತು, ಈ ಒಂದು ಮಾತು ಬಾಯಿಗೆ ಬರುತ್ತಿರಲಿಲ್ಲ. ಖಾಲಿ ಬೀದಿಯಲ್ಲಿ ತಿರುಗುತ್ತ ಅದನ್ನೇ ಗುನುಗುವುದು, ನಂದು ಎನ್ನುವಲ್ಲಿಗೆ ಬಂದು ತಡವರಿಸುವುದು. ಸೌದೆ ತಂದು ಪಟೇಲರ ಬಾಗಿಲವರೆಗೆ ಹೋಗಿ, ಪಾರ್ವತವ್ವ ಬೇಡವೆಂದದ್ದು ನೆನಪಾಗಿ ವಾಪಸು ಹೊತ್ತುಕೊಂಡು ಬರುವುದು. ತಾನು ಬಾಯಿಬಿಡದೆ ನಿಂತರೆ ಊರು ಹೋಯಿತು, ಬಿಟ್ಟರೆ ಸತ್ತ ಪಟೇಲರ ಮಾತು ಮೀರಿದಂತೆ, ಏನು ಮಾಡುವುದು? ಹೀಗೆಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ರಸೂಲ್ ಸಾಹೇಬರ ಗಾಡಿ ತಡೆದು ಕೇಳುತ್ತಿದ್ದನಂತೆ.

ಮಾಘದಲ್ಲಿ ಮಾಮಲೇದಾರರು ಬಂದರು. ಬೆಳಗಾವಿ ಕಡೆಯವರು, ಊರಿಗೆ ಹೊಸಬರು. ಕುದುರೆಯ ಮೇಲಿಂದಲೇ ಬೀದಿಯ ಮುಚ್ಚಿದ ಬಾಗಿಲುಗಳನ್ನು ನೋಡಿದರು. ಶಾನುಭೋಗ ಆಗಲೇ ಬೇಚರಾಕ್ ಎಂದು ಹೇಳಿ ಲೇಖನಿ ಬಿಚ್ಚಿದ್ದ. ಆದರೂ ಪದ್ಧತಿಯಂತೆ ಕುಳವಾಡಿಯನ್ನು ಕೇಳಬೇಕು. ಊರಲ್ಲಿ ದೀಪ ಹಚ್ಚುವ ಮನೆ ಎಷ್ಟಪ್ಪ ಎಂದು ಮಾಮಲೇದಾರರು ಕೇಳಿದರು. ಬೈರ ಪಟೇಲರ ಕಟ್ಟೆಯ ಕಡೆ ನೋಡಿದ, ಹಳ್ಳದ ಕಡೆ ನೋಡಿದ. ಶಾನುಭೋಗ ಕೆಮ್ಮಿದ.

"ಒಂದ್ರಿ" ಎಂದ ಬೈರ. "ನಂದು."

ಶಾನುಭೋಗ ನಗಲು ಬಾಯಿ ತೆರೆದ. ಹೊಸ ಮಾಮಲೇದಾರರಿಗೆ ಅದರಲ್ಲಿ ನಗುವಂಥದ್ದು ಏನೂ ಕಾಣಲಿಲ್ಲ. ಹಳ್ಳದ ಆಚೆಯ ಹೊಗೆಯನ್ನು ನೋಡಿ, ಸರಿ, ಬರೆದುಕೊಳ್ಳಿ ಎಂದರು. ಬರೆಯಲು ಮನೆ ಯಜಮಾನನ ತಂದೆಯ ಹೆಸರು ಬೇಕಾಯಿತು. ಇಷ್ಟು ವರ್ಷ ಅವನನ್ನು ಓಡಾಡಿಸಿದ ಶಾನುಭೋಗನಿಗೆ ಅದು ಗೊತ್ತಿರಲಿಲ್ಲ, ತಲೆಯೆತ್ತಿ ಕೇಳಿದ. ಅಷ್ಟು ಜನರನ್ನು ಮಣ್ಣು ಮಾಡುವಾಗ ಅಳದಿದ್ದ ಬೈರ, ಅಪ್ಪನ ಹೆಸರು ಹೇಳುವಾಗ ಅತ್ತುಬಿಟ್ಟ. ಅವನು ಎರಡನೆಯ ಸಲ ಹೇಳಿದ ಮೇಲೆ ಶಾನುಭೋಗ ಬರೆದುಕೊಂಡ.