ಬಾಣಂತಿ ಖಾರ

ನನಗೆ ತಾಯಿ ಇರಲಿಲ್ಲ. ಹಾಗಾಗಿ ಚೊಚ್ಚಲ ಹೆರಿಗೆ ಹನಕೆರೆಯಲ್ಲಿ, ಗಂಡನ ಮನೆಯಲ್ಲೇ ಆಯಿತು. ಯುದ್ಧದ ಕಾಲ, ಯಾವ ಸಾಮಾನೂ ಕೇಳಿದಾಗ ಸಿಗುತ್ತಿರಲಿಲ್ಲ. ಆದರೂ ಅತ್ತೆ ಮದ್ದೂರಿನ ಗ್ರಂಧಿಗೆ ಅಂಗಡಿಗೆ ಅಲೆದು ಹಿಪ್ಪಲಿ, ಮೆಣಸು, ಒಣಶುಂಠಿ, ಓಮ ತಂದು, ಹುರಿದು ಕುಟ್ಟಿ, ಬೆಲ್ಲ ಬೆರೆಸಿ ಉಂಡೆ ಕಟ್ಟಿ ಜಾಡಿ ತುಂಬಿಸಿಟ್ಟಿದ್ದರು. "ಬಾಣಂತಿ ಮೈ ತಣ್ಗಾಗಬಾರ್ದು. ಕಾವಿದ್ರೇ ನೆತ್ರು ಓಡಾಡೋದು," ಅನ್ನುತ್ತಿದ್ದರು.

ಮಗು ವಾರವೂ ಉಳಿಯಲಿಲ್ಲ.

ಮಾರನೆಯ ದಿನದಿಂದ ಖಾರ ನಿಂತಿತು. ಖಾರ ತಿಂದರೆ ಹಾಲು ಏರುತ್ತದೆ, ಕುಡಿಯುವ ಕೂಸಿಲ್ಲದೆ ಎದೆ ಕಟ್ಟಿಕೊಳ್ಳುತ್ತದೆ ಎಂಬುದು ಅತ್ತೆಯ ಭಯ. ಜಾಡಿ ಅಟ್ಟ ಸೇರಿತು. ಗಂಡ ಬೆಳಗಿನ ರೈಲಿಗೆ ಮಂಡ್ಯದ ಕಾರ್ಖಾನೆಗೆ ಹೋದರೆ ಕತ್ತಲಾದ ಮೇಲೆ ಬರುವುದು. ಬಂದರೂ ಗೋಡೆ ನೋಡಿಕೊಂಡು ಉಂಡು ಮಲಗುವುದು. ನೋಡಲು ಬಂದ ಹೆಂಗಸರು, "ಇನ್ನೂ ವಯಸ್ಸದೆ, ಬುಡು," ಅಂದು ಎಲೆಯಡಿಕೆ ಹಾಕಿಕೊಂಡು ಹೋದರು, ಕಳೆದದ್ದು ತಂಬಿಗೆಯೋ ತಟ್ಟೆಯೋ ಅನ್ನುವ ಹಾಗೆ. ಬಾಣಂತಿ ಎಂಬ ಮಾತು ಎಲ್ಲರ ಬಾಯಿಂದಲೂ ಮಾಯವಾಯಿತು. ಹಾಗಾದರೆ ನಾನು ಹೆತ್ತದ್ದೇ ಸುಳ್ಳೇ? ಯಾರನ್ನು ಕೇಳಲಿ? ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಾಲು ಮಾತ್ರ ಹಗಲು ಹೊತ್ತಿನಲ್ಲೂ ಮರಗಟ್ಟುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆ ಗದ್ದೆಗೆ ಹೋಗಿದ್ದಾಗ ಜಾಡಿ ಇಳಿಸಿ ಒಂದು ಉಂಡೆ ಬಾಯಿಗೆ ಹಾಕಿಕೊಂಡೆ. ಗಂಟಲು ಭಗ್ಗೆಂದಿತು. ತಿರುಗಿದರೆ ಬಾಗಿಲಲ್ಲಿ ಅತ್ತೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ನಿಂತೆ. ಬೈದರೆ ತಿರುಗಿ ಅನ್ನಲೂ ಮಾತು ಜೋಡಿಸಿಕೊಂಡಿದ್ದೆ.

"ಕಾಲು ತಣ್ಗಾಯ್ತವೆ ಕಣತ್ತೆ," ಅಂದೆ. ಬಾಯಿಗೆ ಬಂದದ್ದು ಅಷ್ಟೇ.

ಅವರು ಕೆಳಗೆ ಕೂತು ನನ್ನ ಪಾದ ಮುಟ್ಟಿ ನೋಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ಎದ್ದು, ತುಪ್ಪ ತಂದು, ಇನ್ನೊಂದು ಉಂಡೆಯ ಮೇಲೆ ಸುರಿದು ಕೊಟ್ಟರು. ತಮ್ಮ ಹಳೇ ಸೀರೆ ಹರಿದು, ಕಿವಿ ಮುಚ್ಚುವಂತೆ ನನ್ನ ತಲೆಗೆ ಬಿಗಿಯಾಗಿ ಸುತ್ತಿದರು.

"ಬಾಣಂತಿ ಇಂಗೆ ಬರಿತಲೇಲಿ ತಿರುಗ್ತಾಳಾ? ಓಗಿ ಮಲಿಕೊ."

ಮಗುವನ್ನು ಹೊರಗೆ ಎತ್ತಿಕೊಂಡು ಹೋದಾಗ ನನಗೆ ಅಳು ಬಂದಿರಲಿಲ್ಲ. ಆಗ ಬಂತು.